ರೋಬೋಟ್ ಸಾಕು ಎನ್ನುವವರಿಗೆ ಜೋ ಅಲೆನ್ ಅವರ ತೋಳುಗಳ ಕಥೆ

ನಮಸ್ಕಾರ. ಗಗನಯಾನದ ಕುರಿತ ಕಳೆದ ಸಂಚಿಕೆಗೆ ಬಂದ ಪ್ರತಿಕ್ರಿಯೆಗಳಲ್ಲಿ ಒಂದು ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. "ಸರ್, ಈಗ ಎಲ್ಲವನ್ನೂ ರೋಬೋಟ್ ಮಾಡುತ್ತದೆ, ಮನುಷ್ಯರನ್ನು ಮೇಲೆ ಕಳಿಸುವುದು ಬರೀ ಶೋಕಿ" ಎಂದು ಒಬ್ಬ ಮಹಾನುಭಾವರು ಬರೆದಿದ್ದಾರೆ. ನನ್ನ ಇಡೀ ಸಂಚಿಕೆಗೆ ಸಿಗದಷ್ಟು ಮೆಚ್ಚುಗೆ ಆ ಒಂದು ಸಾಲಿಗೆ ಸಿಕ್ಕಿದೆ. ಆದ್ದರಿಂದ ಇಂದು ನಾನು ಹೇಳುವುದು ಒಂದೇ ಮಾತು: ನೆಲದ ಮೇಲೆ ಕುಳಿತು ತಯಾರಿಸಿದ ಉಪಕರಣ ಕಕ್ಷೆಯಲ್ಲಿ ಕೈಕೊಟ್ಟಾಗ ಉಪಗ್ರಹವನ್ನು ಕೈಹಿಡಿಯುವವನು ಮನುಷ್ಯನೇ.

1984ರ ಫೆಬ್ರವರಿಯಲ್ಲಿ ನಾಸಾದ ಮರುಬಳಕೆಯ ಷಟಲ್ ನೌಕೆಗಳಲ್ಲೊಂದಾದ ಚಾಲೆಂಜರ್‌ನಿಂದ ಬಿಡುಗಡೆಯಾದ ಇಂಡೋನೇಷ್ಯಾದ ಪಾಲಾಪಾ ಬಿ2 ಮತ್ತು ವೆಸ್ಟರ್ನ್ ಯೂನಿಯನ್ ಕಂಪನಿಯ ವೆಸ್ಟಾರ್ 6 ಎಂಬ ಎರಡು ಸಂಪರ್ಕ ಉಪಗ್ರಹಗಳನ್ನು ಎತ್ತರದ ಕಕ್ಷೆಗೆ ತಳ್ಳಬೇಕಿದ್ದ ರಾಕೆಟ್ ಮೋಟಾರುಗಳು ಅರ್ಧಕ್ಕೇ ಆರಿಹೋದವು. ಉಪಗ್ರಹಗಳು ಸುಸ್ಥಿತಿಯಲ್ಲಿದ್ದರೂ ಯಾರಿಗೂ ಉಪಯೋಗವಿಲ್ಲದ ಕೆಳಗಿನ ಕಕ್ಷೆಯಲ್ಲಿ ಸುತ್ತುತ್ತ ಉಳಿದವು. ಪರಿಹಾರ ಕೊಟ್ಟ ವಿಮಾದಾರರು ಅವುಗಳ ಒಡೆಯರಾಗಿ, ಅವನ್ನು ಹಿಂದಕ್ಕೆ ತಂದುಕೊಡುವಂತೆ ನಾಸಾವನ್ನು ಕೇಳಿಕೊಂಡರು. ಅದೇ ವರ್ಷ ನವೆಂಬರ್ 8ರಂದು ರಿಕ್ ಹಾಕ್ ಅವರ ನೇತೃತ್ವದಲ್ಲಿ ಐವರು ಗಗನಯಾತ್ರಿಗಳನ್ನು ಹೊತ್ತ ಡಿಸ್ಕವರಿ ಷಟಲ್ ಹೊರಟಿತು.

ನವೆಂಬರ್ 12ರಂದು ಅವರಲ್ಲೊಬ್ಬರಾದ ಜೋ ಅಲೆನ್ ನೈಟ್ರೋಜನ್ ಅನಿಲದ ಚಿಮ್ಮುಗಳಿಂದ ಚಲಿಸುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು, ನೌಕೆಗೆ ಯಾವ ಹಗ್ಗದ ನಂಟೂ ಇಲ್ಲದೆ, ನಿಧಾನವಾಗಿ ತಿರುಗುತ್ತಿದ್ದ ಪಾಲಾಪಾದ ಕಡೆಗೆ ತೇಲಿಹೋದರು. ಅವರ ಮುಂದಿದ್ದ ಸ್ಟಿಂಗರ್ ಎಂಬ ಉದ್ದನೆಯ ಕೋಲನ್ನು ಉಪಗ್ರಹದ ಮೋಟಾರಿನ ಬಾಯಿಯೊಳಗೆ ತೂರಿಸಿದರೆ, ಅದು ಒಳಗೆ ಕೊಡೆಯಂತೆ ಬಿಚ್ಚಿಕೊಂಡು ಬಿಗಿಯಾಗುತ್ತಿತ್ತು. ಅಲ್ಲಿಯವರೆಗೆ ಎಲ್ಲವೂ ಲೆಕ್ಕದಂತೆಯೇ ನಡೆಯಿತು. ಆನಾ ಫಿಶರ್ ನೌಕೆಯ ಯಂತ್ರತೋಳಿನಿಂದ ಅದನ್ನು ಹಿಡಿದು ಸರಕುಕೋಣೆಯ ಬಳಿಗೆ ತಂದರು. ಅಲ್ಲಿ ಡೇಲ್ ಗಾರ್ಡ್‌ನರ್ ಉಪಗ್ರಹದ ತಲೆಯ ಮೇಲೆ ಕೂರಿಸಬೇಕಿದ್ದ ಹಿಡಿಕೆಯ ಚೌಕಟ್ಟು ಕೂರಲೇ ಇಲ್ಲ, ಏಕೆಂದರೆ ಆಂಟೆನಾದ ಬಳಿಯ ಒಂದು ಭಾಗ ಎಣಿಸಿದ್ದಕ್ಕಿಂತ ತುಸು ಹೊರಚಾಚಿತ್ತು.

ಈಗ ಕೇಳಿ, ಮಹಾನುಭಾವರೇ. ಅಲೆನ್ ಸರಕುಕೋಣೆಯಲ್ಲಿ ಪಾದಗಳನ್ನು ಭದ್ರಪಡಿಸಿಕೊಂಡು, ನೆಲದ ಮೇಲೆ ಅರ್ಧ ಟನ್ನಿಗಿಂತ ಹೆಚ್ಚು ತೂಗುವ ಆ ಉಪಗ್ರಹವನ್ನು ತಲೆಯ ಮೇಲೆ ಎರಡೂ ಕೈಗಳಲ್ಲಿ ಹಿಡಿದು ನಿಂತರು. ಅಲ್ಲಿ ತೂಕವಿಲ್ಲ ನಿಜ. ಆದರೆ ದ್ರವ್ಯರಾಶಿ ಎಲ್ಲಿಗೂ ಹೋಗಿರುವುದಿಲ್ಲ, ಒಮ್ಮೆ ಅತ್ತ ಹೊರಟರೆ ಅದನ್ನು ತಡೆಯುವುದು ಸುಲಭವಲ್ಲ. ಗಾರ್ಡ್‌ನರ್ ಕೆಳಗಿನಿಂದ ಬೋಲ್ಟುಗಳನ್ನು ಬಿಗಿಯುವಷ್ಟರಲ್ಲಿ, ಅಂದರೆ ಸುಮಾರು 90 ನಿಮಿಷಗಳಲ್ಲಿ, ಅಲೆನ್ ಹಾಗೆ ನಿಂತಲ್ಲೇ ಭೂಮಿಗೆ ಒಂದು ಸುತ್ತು ಬಂದಿದ್ದರು. ಎರಡು ದಿನಗಳ ನಂತರ ವೆಸ್ಟಾರ್ ಅನ್ನು ಹಿಡಿಯುವಾಗ ಆ ಚೌಕಟ್ಟಿನ ಗೊಡವೆಗೇ ಅವರು ಹೋಗಲಿಲ್ಲ, ಮತ್ತೆ ಕೈಗಳನ್ನೇ ನಂಬಿದರು. ಕೆಲಸ ಮುಗಿದ ಮೇಲೆ 'ಮಾರಾಟಕ್ಕಿದೆ' ಎಂಬ ಫಲಕ ಹಿಡಿದು ಫೋಟೋ ತೆಗೆಸಿಕೊಂಡರು. ನೀವು ಹೇಳುವ ಶೋಕಿಗೆ ಇಡೀ ಯಾನದಲ್ಲಿ ಸಿಗುವ ಪುರಾವೆ ಬಹುಶಃ ಅದೊಂದೇ. ಫಲಕದ ಮಾತು ಸುಳ್ಳಾಗಲಿಲ್ಲ. ಎರಡೂ ಉಪಗ್ರಹಗಳು ದುರಸ್ತಿಗೊಂಡು 1990ರ ಏಪ್ರಿಲ್‌ನಲ್ಲಿ ಮತ್ತೆ ಮೇಲೇರಿದವು, ವೆಸ್ಟಾರ್ ಏಷ್ಯಾಸ್ಯಾಟ್ 1 ಎಂಬ ಹೊಸ ಹೆಸರಿನಲ್ಲಿ.

ಇಷ್ಟು ಕೇಳಿದ ಮೇಲೂ ಚಂದಾದಾರರಾಗದೆ ಕುಳಿತಿರುವವರ ಕೈಗಳು ಏನು ಮಾಡುತ್ತಿವೆಯೋ ನನಗೆ ತಿಳಿಯದು. ಗುಂಡಿ ಕೆಳಗೇ ಇದೆ, ಅದನ್ನು ಒತ್ತಲು ಬಾಹ್ಯಾಕಾಶದ ಉಡುಪೇನೂ ಬೇಕಿಲ್ಲ.

1984ರದೇ ಏಪ್ರಿಲ್‌ನ, ಸೂರ್ಯನನ್ನು ಅಧ್ಯಯನ ಮಾಡುವ ಸೋಲಾರ್ ಮ್ಯಾಕ್ಸ್ ಉಪಗ್ರಹದ ಪ್ರಕರಣವನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆಂದು ನನಗೆ ಗೊತ್ತು. ಅಲ್ಲಿ ಗಗನಯಾತ್ರಿ ಜಾರ್ಜ್ ನೆಲ್ಸನ್ ಉಪಗ್ರಹದ ಸೌರಫಲಕಕ್ಕೆ ಕೈ ಹಾಕಿದ್ದರಿಂದ ಅದು ಇನ್ನಷ್ಟು ಅಡ್ಡಾದಿಡ್ಡಿಯಾಗಿ ತಿರುಗತೊಡಗಿತು, ಕೊನೆಗೆ ನಾಸಾದ ಗೊಡ್ಡಾರ್ಡ್ ಕೇಂದ್ರದ ಎಂಜಿನಿಯರುಗಳು ನೆಲದಿಂದಲೇ ಅದನ್ನು ಸ್ಥಿರಗೊಳಿಸಿದರು, ಯಂತ್ರತೋಳು ಅದನ್ನು ಹಿಡಿಯಿತು. ಸರಿ. ಆದರೆ ಅವರು ಕೈ ಹಾಕಬೇಕಾಗಿ ಬಂದದ್ದೇಕೆ? ಹಿಡಿಯಲೆಂದೇ ಮಾಡಿದ್ದ ಉಪಕರಣಕ್ಕೆ, ನಕ್ಷೆಯಲ್ಲಿ ಕಾಣಿಸದಿದ್ದ ಒಂದು ಸಣ್ಣ ಉಬ್ಬು ಅಡ್ಡಬಂದದ್ದರಿಂದ! ಮತ್ತೆ ನಕ್ಷೆಯೇ ಕೈಕೊಟ್ಟದ್ದು. ಉಳಿದದ್ದು ವಿವರ, ವಿವರಗಳಿಗೆ ನನಗೆ ಪುರುಸೊತ್ತಿಲ್ಲ.

1992ರ ಮೇ ತಿಂಗಳಲ್ಲಿ ಎಂಡೆವರ್ ನೌಕೆಯ ಪಿಯರ್ ಥುವೊ, ನಾಲ್ಕು ಟನ್ನಿಗೂ ಮೀರಿದ ಇಂಟೆಲ್‌ಸ್ಯಾಟ್ 603 ಉಪಗ್ರಹವನ್ನು ಹಿಡಿಯಲೆಂದೇ ರೂಪಿಸಿದ್ದ ಪಟ್ಟಿಯನ್ನು ತೆಗೆದುಕೊಂಡು ಎರಡು ದಿನ ಹೋದರು. ಎರಡು ದಿನವೂ ಅದು ಕಚ್ಚಿಕೊಳ್ಳಲಿಲ್ಲ. ಮೂರನೆಯ ಬಾರಿಗೆ, ಇಬ್ಬರಿಗೆಂದು ಮಾಡಿದ ಏರ್‌ಲಾಕ್‌ನಿಂದ, ಅಂದರೆ ನೌಕೆಯಿಂದ ಹೊರಹೋಗುವ ಕಿರುಕೋಣೆಯಿಂದ, ಥುವೊ, ರಿಕ್ ಹೀಬ್ ಮತ್ತು ಟಾಮ್ ಏಕರ್ಸ್ ಮೂವರೂ ಹೊರಬಂದು, ತಮ್ಮ ಆರು ಕೈಗಳಿಂದಲೇ ಅದನ್ನು ಹಿಡಿದು ನಿಲ್ಲಿಸಿದರು. ಆ ಬಾಹ್ಯಾಕಾಶ ನಡಿಗೆ 8 ಗಂಟೆ 29 ನಿಮಿಷ ನಡೆಯಿತು. ಆರು ಕೈಗಳು, ಮಹಾನುಭಾವರೇ! ನಿಮ್ಮ ರೋಬೋಟ್ ಆಗ ಎಲ್ಲಿತ್ತು?

2020ರಲ್ಲಿ ಎಂಇವಿ 1 ಎಂಬ ಮಾನವರಹಿತ ನೌಕೆ ಇಂಟೆಲ್‌ಸ್ಯಾಟ್ 901ಕ್ಕೆ ತಾನಾಗಿಯೇ ಜೋಡಿಕೊಂಡಿತಲ್ಲ ಎನ್ನುತ್ತೀರಿ. ಜೋಡಿಕೊಂಡದ್ದು ಎಲ್ಲಿಗೆ? ಎಂಜಿನ್ನಿನ ಬಾಯಿಯೊಳಗೇ, ಅಲೆನ್ ಕೋಲು ತೂರಿಸಿದಂಥ ಜಾಗಕ್ಕೇ. ಅದೂ ಹೇಳಿದ ಮಾತು ಕೇಳಿಕೊಂಡು ಸ್ಥಿರವಾಗಿ ನಿಂತಿದ್ದ ಉಪಗ್ರಹಕ್ಕೆ. ಖರ್ಚಿನ ಲೆಕ್ಕ ತೆಗೆಯುವವರೂ ಇದ್ದಾರೆ: ಒಂದು ಷಟಲ್ ಯಾನದ ವೆಚ್ಚದಲ್ಲಿ ಹೊಸ ಉಪಗ್ರಹಗಳನ್ನೇ ಮಾಡಬಹುದಿತ್ತಂತೆ. ಮಾಡಿ, ಬೇಡವೆಂದವರು ಯಾರು? 1986ರಲ್ಲಿ ಚಾಲೆಂಜರ್ ನೌಕೆ ಏಳು ಮಂದಿಯೊಡನೆ ನಾಶವಾದ ದುರಂತದ ನಂತರ ವಾಣಿಜ್ಯ ಉಪಗ್ರಹಗಳನ್ನು ಷಟಲ್‌ನಿಂದ ಕೈಬಿಟ್ಟರಲ್ಲ ಎಂದರೆ, ಬಿಟ್ಟ ಮೇಲೂ 1992ರಲ್ಲಿ ಇಂಟೆಲ್‌ಸ್ಯಾಟ್‌ಗಾಗಿ ಅದೇ ಬಾಗಿಲು ತಟ್ಟಿದರು ಎಂಬುದೇ ನನ್ನ ಉತ್ತರ. ಕೈ ಬೇಕು. ನೂರು ಸಲ ಹೇಳುತ್ತೇನೆ, ಕೈ ಬೇಕು, ಕೈ ಬೇಕು.

ಇನ್ನು ಹಾಸನದ ವೀಕ್ಷಕರೊಬ್ಬರು, 1983ರಲ್ಲಿ ನಮ್ಮ ಇನ್ಸಾಟ್ 1ಬಿ ಉಪಗ್ರಹದ ಸಿಕ್ಕಿಕೊಂಡಿದ್ದ ಸೌರಫಲಕ ಯಾರೂ ಮೇಲೆ ಹೋಗದೆ ನೆಲದಿಂದ ಕೊಟ್ಟ ಆದೇಶಗಳಿಂದಲೇ ಬಿಚ್ಚಿಕೊಂಡಿತಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದ್ದಾರೆ. ಅದು ಬೇರೆ ವಿಷಯ. ಹೇಗೆ ಬೇರೆ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ, ಸದಸ್ಯರಾದವರಿಗೆ ಒಂದು ದಿನ ಮೊದಲೇ.