ಕಯೋವಾ ಕೌಂಟಿಯ ಸುಂಟರಗಾಳಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ನಟ್ಟನಡುವೆ ಕ್ಯಾನ್ಸಸ್ ಅಂತ ಒಂದು ರಾಜ್ಯ ಇದೆ. ಆ ರಾಜ್ಯದ ದಕ್ಷಿಣದ ಬಯಲಲ್ಲಿರುವುದು ಕಯೋವಾ ಕೌಂಟಿ. ಕೌಂಟಿ ಅಂದರೆ ನಮ್ಮ ಲೆಕ್ಕಕ್ಕೆ ಒಂದು ದೊಡ್ಡ ತಾಲ್ಲೂಕು ಅಂದುಕೊಳ್ಳಿ. ಸುಮಾರು 1870 ಚದರ ಕಿಲೋಮೀಟರ್ ನೆಲ. ಜನ ಮಾತ್ರ ಎರಡೂವರೆ ಸಾವಿರ. ನಮ್ಮ ಒಂದು ಗ್ರಾಮ ಪಂಚಾಯಿತಿಯಲ್ಲೇ ಇದಕ್ಕಿಂತ ಜಾಸ್ತಿ ಜನ ಇರುತ್ತಾರೆ, ಅಲ್ವಾ? ಒಂದು ಕಾಲಕ್ಕೆ ಕಯೋವಾ ಬುಡಕಟ್ಟಿನವರು ಓಡಾಡಿದ್ದ ಹುಲ್ಲುಗಾವಲು ಅದು. ಈಗ ಕಣ್ಣು ಹಾಯಿಸಿದಷ್ಟು ದೂರ ಗೋಧಿ ಹೊಲ, ದನ ಮೇಯುವ ಬಯಲು, ಅಲ್ಲೊಂದು ಇಲ್ಲೊಂದು ಒಂಟಿ ಮನೆ. ಮುಖ್ಯ ಊರು ಗ್ರೀನ್ಸ್‌ಬರ್ಗ್. ಆ ಊರಿಗೆ ಬಹಳ ಕಾಲ ಹೆಸರು ತಂದಿದ್ದು ಒಂದು ಬಾವಿ. 1887ರಲ್ಲಿ ತೋಡಲು ಶುರು ಮಾಡಿ, ಮರುವರ್ಷ ಮುಗಿಸಿದರು. 109 ಅಡಿ ಆಳ, 32 ಅಡಿ ಅಗಲ. ಯಂತ್ರ ಇಲ್ಲ, ಗುದ್ದಲಿ ಸಲಿಕೆಯಲ್ಲೇ ಆದ ಕೆಲಸ. ಇವತ್ತಿನ ನನ್ನ ಮಾತು ಆ ಕೌಂಟಿಯ ಸುಂಟರಗಾಳಿಗಳ ಬಗ್ಗೆ.

ಸುಂಟರಗಾಳಿ ಅಂದ ಕೂಡಲೇ ನಿಮಗೆ ಬೇಸಿಗೆಯ ಮಧ್ಯಾಹ್ನ ಹೊಲದಲ್ಲಿ ಏಳುವ ಧೂಳಿನ ಸುಳಿ ನೆನಪಾಗಬಹುದು. ತರಗೆಲೆ, ಕಾಗದದ ಚೂರು ಎತ್ತಿಕೊಂಡು ಗಿರಗಿರ ತಿರುಗಿ, ಒಂದೆರಡು ನಿಮಿಷಕ್ಕೆ ಸುಮ್ನೆ ಆಗುತ್ತದಲ್ಲ, ಅದು. ನಾನು ಹೇಳುತ್ತಿರುವುದು ಅದಲ್ಲ. ನಮ್ಮ ಬಯಲುಸೀಮೆಯ ಸುಳಿ ಕಾದ ನೆಲದಿಂದ ಮೇಲಕ್ಕೆ ಏಳುತ್ತದೆ, ಅದಕ್ಕೆ ಮೋಡವೇ ಬೇಡ. ಕ್ಯಾನ್ಸಸ್‌ನವರು ಟೊರ್ನಾಡೊ ಅನ್ನುವುದು ಗುಡುಗು ಮೋಡದ ಹೊಟ್ಟೆಯಿಂದ ನೆಲಕ್ಕೆ ಇಳಿಯುತ್ತದೆ.

ಇಳಿಯುವುದು ಹೇಗೆ? ವಸಂತ ಕಾಲದಲ್ಲಿ ತೆಂಕಣದ ಮೆಕ್ಸಿಕೊ ಕೊಲ್ಲಿಯಿಂದ ಬಿಸಿಯಾದ, ತೇವ ತುಂಬಿದ ಗಾಳಿ ಈ ಬಯಲಿಗೆ ನುಗ್ಗುತ್ತದೆ. ಪಡುವಣದ ರಾಕಿ ಬೆಟ್ಟಗಳ ಕಡೆಯಿಂದ ಒಣಗಾಳಿ ಬರುತ್ತದೆ. ಮಧ್ಯೆ ತಡೆಯುವುದಕ್ಕೆ ಒಂದು ಗುಡ್ಡವೂ ಇಲ್ಲ. ನೆಲದ ಹತ್ತಿರ ಗಾಳಿ ಒಂದು ದಿಕ್ಕಿಗೆ ಮೆಲ್ಲಗೆ ಬೀಸುತ್ತಿರುತ್ತದೆ, ಮೇಲೆ ಹೋದಂತೆ ಇನ್ನೊಂದು ದಿಕ್ಕಿಗೆ ಜೋರಾಗಿ ಬೀಸುತ್ತದೆ. ಈ ವ್ಯತ್ಯಾಸಕ್ಕೆ ನಡುವಿನ ಗಾಳಿ ಅಡ್ಡಡ್ಡಲಾಗಿ ಉರುಳತೊಡಗುತ್ತದೆ. ಮೋಡದೊಳಕ್ಕೆ ಏರುತ್ತಿರುವ ಬಿಸಿಗಾಳಿ ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಆಗ ಮೋಡಕ್ಕೆ ಮೋಡವೇ ತಿರುಗುತ್ತದೆ. ಇಂಥ ಮೋಡಕ್ಕೆ ಸೂಪರ್‌ಸೆಲ್ ಅನ್ನುತ್ತಾರೆ. ಎಲ್ಲ ಸೂಪರ್‌ಸೆಲ್ಲೂ ಸುಂಟರಗಾಳಿ ಇಳಿಸುವುದಿಲ್ಲ. ಇಳಿಸಿದರೆ ಮಾತ್ರ ಕಥೆ ಬೇರೆ.

ಈ ಕೌಂಟಿಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ದಿನ 1928ರ ಜೂನ್ 22. ಗ್ರೀನ್ಸ್‌ಬರ್ಗ್ ಹತ್ತಿರದ ರೈತ ವಿಲ್ ಕೆಲ್ಲರ್ ಹೆಂಡತಿ ಮಕ್ಕಳ ಜೊತೆ ಹೊಲದಲ್ಲಿ ನಿಂತಿದ್ದ. ಆಗಷ್ಟೇ ಆಲಿಕಲ್ಲು ಮಳೆ ಸುರಿದು ಗೋಧಿ ಬೆಳೆ ಪೂರ್ತಿ ನೆಲಕಚ್ಚಿತ್ತು. ಎಷ್ಟು ಹಾಳಾಗಿದೆ ಅಂತ ನೋಡುತ್ತಿದ್ದರು. ಪಡುವಣದಲ್ಲಿ ಕೊಡೆಯಾಕಾರದ ಮೋಡ, ಅದರ ತಳ ಹಸಿರುಗಪ್ಪು. ಅದರಿಂದ ಮೂರು ಸುಂಟರಗಾಳಿಗಳು ಜೋತು ಬಿದ್ದಿದ್ದವು. ಒಂದು ನೇರವಾಗಿ ಇವರ ಕಡೆಗೇ ಬರುತ್ತಿತ್ತು.

ಆ ಸೀಮೆಯ ಮನೆಗಳ ಪಕ್ಕದಲ್ಲಿ ನೆಲದೊಳಗೆ ತೋಡಿದ ಒಂದು ಸಣ್ಣ ಕೋಣೆ ಇರುತ್ತದೆ. ಸ್ಟಾರ್ಮ್ ಸೆಲ್ಲರ್ ಅಂತ ಕರೆಯುತ್ತಾರೆ. ನಾಲ್ಕಾರು ಮೆಟ್ಟಿಲು, ಮೇಲೊಂದು ಓರೆ ಬಾಗಿಲು. ಉಳಿದ ದಿನ ಅಲ್ಲಿ ಆಲೂಗಡ್ಡೆ, ಹಣ್ಣು ತುಂಬಿಸಿಟ್ಟ ಗಾಜಿನ ಭರಣಿ ಇರುತ್ತವೆ. ಗಾಳಿ ಬಂದರೆ ಅವುಗಳ ಜೊತೆ ಮನೆಯವರೂ ಹೋಗಿ ಕೂರುತ್ತಾರೆ. ಕೆಲ್ಲರ್ ಎಲ್ಲರನ್ನೂ ಒಳಕ್ಕೆ ಕಳಿಸಿದ. ತಾನೂ ಇಳಿದು ಬಾಗಿಲು ಎಳೆದುಕೊಳ್ಳಬೇಕು, ಕೊನೆಯ ಸಲ ಒಂದು ನೋಟ ನೋಡೋಣ ಅಂತ ತಿರುಗಿದ. ನೋಡಿದರೆ ಗಾಳಿಯ ತುದಿ ನೆಲ ಬಿಟ್ಟು ಮೇಲೆದ್ದಿದೆ. ಇನ್ನು ಹೆದರಿಕೆ ಇಲ್ಲ ಅನ್ನಿಸಿ ಅಲ್ಲೇ ನಿಂತ. ಅದು ಅವನ ತಲೆಯ ಮೇಲೇ ಬಂತು.

ಅವನು ಕತ್ತೆತ್ತಿ ನೋಡಿದ. ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದ ಹಾಗೆ. ಐವತ್ತರಿಂದ ನೂರು ಅಡಿ ಅಗಲದ ದುಂಡನೆಯ ಕೊಳವೆ, ಅರ್ಧ ಮೈಲಿಗೂ ಮೇಲಕ್ಕೆ ನೆಟ್ಟಗೆ ಹೋಗಿತ್ತು. ಗೋಡೆಯೆಲ್ಲ ಸುತ್ತುವ ಮೋಡ. ಒಳಗೆ ಆ ಗೋಡೆಯಿಂದ ಈ ಗೋಡೆಗೆ ಮಿಂಚು ಬಿಡದೆ ಹರಿದಾಡುತ್ತಿತ್ತು, ಆ ಬೆಳಕಿನಲ್ಲೇ ಅವನಿಗೆ ಇಷ್ಟೆಲ್ಲ ಕಂಡಿದ್ದು. ಉಸಿರು ಕಟ್ಟುವಂಥ ಗ್ಯಾಸಿನ ವಾಸನೆ. ಗಾಳಿ ಮಾತ್ರ ಅಲ್ಲಾಡುತ್ತಿರಲಿಲ್ಲ. ಕೊಳವೆಯ ತುದಿಯಿಂದ ಬುಸುಗುಡುವ, ಚೀರುವ ಸದ್ದು. ಆ ತುದಿಯ ಸುತ್ತ ಪುಟ್ಟ ಪುಟ್ಟ ಸುಳಿಗಳು ಹುಟ್ಟಿಕೊಂಡು ಕಳಚಿಕೊಂಡು ಹೋಗುತ್ತಿದ್ದವು.

ಅವನನ್ನು ದಾಟಿ ಹೋದ ಗಾಳಿ ಮತ್ತೆ ನೆಲಕ್ಕಿಳಿದು ಪಕ್ಕದ ರೈತನ ಮನೆ, ಕೊಟ್ಟಿಗೆ ಎರಡನ್ನೂ ಕಿತ್ತು ಹಾಕಿತು. ಆ ಮನೆಯವರೂ ಆಲಿಕಲ್ಲಿಗೆ ಸಿಕ್ಕ ಬೆಳೆ ನೋಡಲು ಹೊಲಕ್ಕೆ ಹೋಗಿದ್ದರು. ಸೆಲ್ಲರ್ ತಲುಪುವಷ್ಟು ಸಮಯ ಇರಲಿಲ್ಲ. ಒಂದು ಸಣ್ಣ ದಿಬ್ಬದ ಮರೆಯಲ್ಲಿ ಮಕಾಡೆ ಮಲಗಿ, ಕೈಗೆ ಸಿಕ್ಕ ಪ್ಲಮ್ ಗಿಡದ ಪೊದೆ ಹಿಡಿದುಕೊಂಡರು. ಮೈ ನೆಲದಿಂದ ಮೇಲೆದ್ದ ಹಾಗಾಯಿತಂತೆ. ಮನೆಯ ಯಜಮಾನ ತಲೆ ಎತ್ತಿ ನೋಡುತ್ತಾನೆ, ತನ್ನ ಮನೆಯ ಮುರುಕುಗಳ ನಡುವೆ ಅಡುಗೆ ಒಲೆ ಆಕಾಶದಲ್ಲಿ ಗಿರಿಗಿರಿ ತಿರುಗುತ್ತಿದೆ. ಯಾರಿಗೂ ಪೆಟ್ಟಾಗಲಿಲ್ಲ.

ಕೆಲ್ಲರ್ ಇದನ್ನು ಡಾಡ್ಜ್ ಸಿಟಿಯ ಹವಾಮಾನ ಕಚೇರಿಯವರಿಗೆ ಹೇಳಿದ, ಅವರು ಬರೆದುಕೊಂಡು 1930ರಲ್ಲಿ ಅಚ್ಚು ಹಾಕಿಸಿದರು. ರೈತ ಹೇಳಿದ ಮಾತು, ಎಷ್ಟು ನಂಬುವುದು ಅಂತ ಮೂಗು ಮುರಿಯುವವರಿಗೆ ಜಾಗ ಇತ್ತು. ಆದರೆ 1970ರ ದಶಕದಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಫುಜಿತ ದೊಡ್ಡ ಸುಂಟರಗಾಳಿಯೊಳಗೆ ಸಣ್ಣ ಸುಳಿಗಳಿರುತ್ತವೆ ಅಂತ ಹಾನಿಯ ಗುರುತುಗಳಿಂದಲೇ ತೋರಿಸಿದರು. ಆಮೇಲೆ ಲಾರಿಗಳ ಮೇಲೆ ರಡಾರ್ ಹೊತ್ತು ಹತ್ತಿರ ಹೋದವರು ನಡುವಿನ ಪೊಳ್ಳನ್ನೂ ಕಂಡರು. ಗೋಧಿ ಬೆಳೆ ಕಳೆದುಕೊಂಡ ಸಿಟ್ಟಿನಲ್ಲಿ ನಿಂತಿದ್ದ ಮನುಷ್ಯ ಸರಿಯಾಗಿಯೇ ನೋಡಿದ್ದ.

ಇಲ್ಲಿ ಒಂದು ವಿಷಯ ಗಮನಿಸಿ. ಕೆಲ್ಲರ್‌ಗೆ ಮುನ್ಸೂಚನೆ ಕೊಟ್ಟವರು ಯಾರೂ ಇಲ್ಲ. ಅವನ ಕಣ್ಣೇ ಅವನ ಮುನ್ಸೂಚನೆ. ಹಗಲು ಹೊತ್ತು, ತೆರೆದ ಬಯಲು, ಅದಕ್ಕೇ ಉಳಿದ. ರಾತ್ರಿ ಬಂದಿದ್ದರೆ?

ಅಮೆರಿಕದಲ್ಲಿ ಸುಂಟರಗಾಳಿಯ ಮುನ್ಸೂಚನೆ ಶುರುವಾಗಿದ್ದು 1880ರ ದಶಕದಲ್ಲೇ. ಸೈನ್ಯದ ಹವಾಮಾನ ವಿಭಾಗದ ಜಾನ್ ಫಿನ್ಲಿ ನೂರಾರು ಸುಂಟರಗಾಳಿಗಳ ವಿವರ ಕೂಡಿಹಾಕಿ, 1884ರಲ್ಲಿ ಇಂಥ ಕಡೆ ಬರಬಹುದು ಅಂತ ಹೇಳುವ ಪ್ರಯತ್ನ ಮಾಡಿದರು. ಮೇಲಿನವರಿಗೆ ಇದು ಹಿಡಿಸಲಿಲ್ಲ. ಗಾಳಿಗಿಂತ ಗಾಬರಿಯಿಂದಲೇ ಜಾಸ್ತಿ ಅನಾಹುತ ಆಗುತ್ತದೆ ಅನ್ನುವ ವಾದ. ಸುಂಟರಗಾಳಿ ಬರುತ್ತದೆ ಅಂತ ಜನರಿಗೆ ಹೇಳಲೇಬಾರದು ಅಂತಾಯಿತು. ಈ ಬಾಯಿಕಟ್ಟು ಅರವತ್ತು ವರ್ಷ ನಡೆಯಿತು! ಮೈಕಿನ ಮುಂದೆ ಕೂತು ಮಾತಾಡುವ ನನ್ನಂಥವರಿಗೆ ಇದನ್ನು ಓದಿದರೆ ಮೈ ಉರಿಯುತ್ತದೆ.

ಕಟ್ಟು ಬಿಚ್ಚಿದ್ದು ಒಂದು ಕಾಕತಾಳೀಯ. 1948ರ ಮಾರ್ಚ್ 20ರಂದು ಒಕ್ಲಹೋಮದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಬಡಿದು ವಿಮಾನಗಳು ಚೂರಾದವು. ಐದು ದಿನ ಬಿಟ್ಟು, ಅಲ್ಲಿನ ಹವಾಮಾನ ಅಧಿಕಾರಿಗಳಾದ ಫಾಬುಶ್ ಮತ್ತು ಮಿಲ್ಲರ್ ನಕ್ಷೆ ಹರಡಿ ನೋಡಿದರೆ ಆ 20ನೇ ತಾರೀಕಿನದ್ದೇ ಲಕ್ಷಣ. ಬರುತ್ತದೆ ಅಂತ ಬರೆದುಕೊಟ್ಟರು. ಆ ಸಂಜೆಯೇ ಅದೇ ನೆಲೆಗೆ ಇನ್ನೊಂದು ಬಂತು. 1950ರಲ್ಲಿ ಹವಾಮಾನ ಇಲಾಖೆಯೂ ನಿಷೇಧ ಕೈಬಿಟ್ಟಿತು.

ಹೇಳಬಹುದು ಅಂತಾದ ಮಾತ್ರಕ್ಕೆ ಮಾತು ಹಳ್ಳಿಗೆ ತಲುಪುತ್ತದೆಯೇ? ಅದೇ ಕ್ಯಾನ್ಸಸ್‌ನಲ್ಲಿ, ಕಯೋವಾದಿಂದ ಮೂಡಲಿಗೆ, ಯುಡಾಲ್ ಅಂತ ಸುಮಾರು ಆರುನೂರು ಜನರ ಊರು. 1955ರ ಮೇ 25ರ ರಾತ್ರಿ ಹತ್ತು ಗಂಟೆಯ ಸುದ್ದಿ ಕೇಳಿದವರು ಅಪಾಯ ಕಳೆಯಿತು ಅಂದುಕೊಂಡು ಮಲಗಿದರು. ಹತ್ತೂವರೆಗೆ ಗಾಳಿ ಬಂತು. ಸುಮಾರು 80 ಜನ ಸತ್ತರು. ಕ್ಯಾನ್ಸಸ್‌ನಲ್ಲಿ ಅದಕ್ಕಿಂತ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಇವತ್ತಿಗೂ ಇಲ್ಲ. ಈ ಅಂಕಿ ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ 2007ರ ಮೇ 4, ಶುಕ್ರವಾರ ರಾತ್ರಿ, ಮತ್ತೆ ಗ್ರೀನ್ಸ್‌ಬರ್ಗ್. ಆಗ ಊರಲ್ಲಿ ಸುಮಾರು 1400 ಜನ. ಈ ಬಯಲಲ್ಲಿ ಹೊತ್ತು ಮುಳುಗಿದ ಮೇಲೆ ನೆಲದಿಂದ ಸ್ವಲ್ಪ ಮೇಲೆ ತೆಂಕಣ ಗಾಳಿ ಚುರುಕಾಗುತ್ತದೆ. ಅದು ಮೋಡಕ್ಕೆ ತೇವವನ್ನೂ ತಿರುವನ್ನೂ ತುಂಬುತ್ತಾ ಹೋಗುತ್ತದೆ. ಒಂಬತ್ತು ಗಂಟೆಯ ಸುಮಾರಿಗೆ ಊರಿನ ತೆಂಕಣಕ್ಕೆ ನೆಲಕ್ಕಿಳಿದ ಸುಂಟರಗಾಳಿ ಅಗಲವಾಗುತ್ತಾ ಬಡಗಣಕ್ಕೆ ಹೊರಟಿತು. ಡಾಡ್ಜ್ ಸಿಟಿಯ ಕಚೇರಿಯಲ್ಲಿ ಈಗ ಡಾಪ್ಲರ್ ರಡಾರ್ ಇದೆ. ಅದು ಮಳೆಯನ್ನಷ್ಟೇ ಅಲ್ಲ, ಮೋಡದೊಳಗಿನ ಗಾಳಿ ಯಾವ ಕಡೆ ಓಡುತ್ತಿದೆ ಅನ್ನುವುದನ್ನೂ ತೋರಿಸುತ್ತದೆ. ಹೊರಗೆ ಕತ್ತಲಲ್ಲಿ, ಮಿಂಚಿನ ಬೆಳಕಿನಲ್ಲಿ ಗಾಳಿಯ ಬೆನ್ನು ಹತ್ತಿದವರು ಕಂಡದ್ದನ್ನು ವರದಿ ಮಾಡುತ್ತಿದ್ದರು. ಊರಿನ ಸೈರನ್ ಸುಮಾರು ಇಪ್ಪತ್ತು ನಿಮಿಷ ಮುಂಚೆಯೇ ಕೂಗಿತು. ಗಾಳಿ ಊರ ಬಾಗಿಲಿಗೆ ಬಂದಾಗ ಹವಾಮಾನ ಕಚೇರಿ ಮಾಮೂಲಿ ಎಚ್ಚರಿಕೆ ಬಿಟ್ಟು, ಇದು ತುರ್ತು ಪರಿಸ್ಥಿತಿ ಅಂತಲೇ ಸಾರಿತು.

ಒಂಬತ್ತೂ ಮುಕ್ಕಾಲರ ಹೊತ್ತಿಗೆ ಅದು ಊರೊಳಕ್ಕೆ ನುಗ್ಗಿತು. ಅಗಲ 2.7 ಕಿಲೋಮೀಟರ್, ಊರಿಗಿಂತ ಅಗಲ. ಗಾಳಿಯ ವೇಗ ಗಂಟೆಗೆ ಸುಮಾರು 330 ಕಿಲೋಮೀಟರ್ ಅಂತ ಆಮೇಲೆ ಅಂದಾಜು ಮಾಡಿದರು. ನೆಲದಡಿ ಕೂತವರಿಗೆ ಮೊದಲು ಗೊತ್ತಾಗಿದ್ದು ಕಿವಿಯಲ್ಲಿ. ಗಾಳಿಯ ಒತ್ತಡ ಒಮ್ಮೆಗೇ ಇಳಿದು ಕಿವಿ ನೋಯತೊಡಗಿತು. ಆಮೇಲೆ ಸದ್ದು. ಮೇಲೆ ಹತ್ತಿ ಬಂದಾಗ ಮನೆ ಇಲ್ಲ, ಬೀದಿ ಎಲ್ಲಿದೆ ಅಂತ ಗುರುತು ಹಿಡಿಯುವುದಕ್ಕೂ ಆಗುವ ಹಾಗಿಲ್ಲ. ನೂರಕ್ಕೆ ತೊಂಬತ್ತೈದು ಪಾಲು ಊರು ಹೋಗಿತ್ತು. ಶಾಲೆ, ಆಸ್ಪತ್ರೆ, ಅಂಗಡಿ, ಎಲ್ಲ. ಕಾಂಕ್ರೀಟಿನ ಕಾಳಿನ ಉಗ್ರಾಣ ಮತ್ತು ಹಳೆಯ ಕೋರ್ಟು ಕಟ್ಟಡ ನಿಂತಿದ್ದವು. ಮರಗಳಲ್ಲಿ ಎಲೆ ಇರಲಿ, ತೊಗಟೆಯೂ ಉಳಿದಿರಲಿಲ್ಲ.

ಸತ್ತವರು 11 ಜನ. ಒಂದೊಂದು ಜೀವವೂ ದೊಡ್ಡದೇ. ಆದರೆ ಯುಡಾಲ್ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಆರುನೂರರಲ್ಲಿ 80, ಇಲ್ಲಿ 1400ರಲ್ಲಿ 11. ಎರಡೂ ರಾತ್ರಿಯ ಗಾಳಿಗಳೇ, ಎರಡೂ ಅತಿ ಭೀಕರ ದರ್ಜೆಯವೇ. ಮಧ್ಯದ ಐವತ್ತೆರಡು ವರ್ಷದಲ್ಲಿ ಗಾಳಿಯೇನೂ ಮೆತ್ತಗಾಗಿರಲಿಲ್ಲ. ಸೇರಿಕೊಂಡದ್ದು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಇಳಿದು ಕೂರುವುದಕ್ಕೆ ನೆಲದಡಿ ಒಂದು ಜಾಗ ಇದ್ದದ್ದರಿಂದ ಅದು ಉಪಯೋಗಕ್ಕೆ ಬಂತು.

ಇನ್ನೊಂದು ಸ್ವಾರಸ್ಯ ಹೇಳಬೇಕು. ಸುಂಟರಗಾಳಿಯ ಬಲವನ್ನು ಸೊನ್ನೆಯಿಂದ ಐದರವರೆಗೆ ಅಳೆಯುತ್ತಾರೆ. 1971ರಲ್ಲಿ ಫುಜಿತ ಮಾಡಿದ ಮಾಪಕ ಅದು, 2007ರ ಫೆಬ್ರವರಿಯಲ್ಲಿ ತಿದ್ದಿದ ರೂಪ ಜಾರಿಗೆ ಬಂತು. ತಿದ್ದಿದ ಮಾಪಕದಲ್ಲಿ ಮೊದಲ ಬಾರಿಗೆ ಐದು ಪಡೆದದ್ದೇ ಗ್ರೀನ್ಸ್‌ಬರ್ಗ್ ಗಾಳಿ. ಆದರೆ ಈ ಮಾಪಕ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ, ಮುರಿದದ್ದನ್ನು ನೋಡಿ ಲೆಕ್ಕ ಹಾಕುತ್ತದೆ. ಅದೇ ರಾತ್ರಿ ಅದೇ ಮೋಡ ಗ್ರೀನ್ಸ್‌ಬರ್ಗ್ ದಾಟಿದ ಮೇಲೆ ಟ್ರೌಸ್‌ಡೇಲ್ ಕಡೆ ಇನ್ನೊಂದನ್ನು ಇಳಿಸಿತು. ಅದರ ಅಗಲ ಮೂರೂವರೆ ಕಿಲೋಮೀಟರ್, ಮೊದಲಿನದಕ್ಕಿಂತ ದೊಡ್ಡದು. ಓಡಿದ್ದು ಬಹುಪಾಲು ಹೊಲಗಳ ಮೇಲೆ. ಸಿಕ್ಕ ದರ್ಜೆ ಮೂರು. ಮನೆಯೇ ಇಲ್ಲದ ಕಡೆ ಏನನ್ನು ಮುರಿದು ತೋರಿಸಬೇಕು? ಹಾಗಾಗಿ ಇಂಥ ಕೌಂಟಿಯ ಹಳೇ ದಾಖಲೆಗಳಲ್ಲಿ ಸಣ್ಣದು ಅಂತ ಬರೆದಿರುವುದೆಲ್ಲ ಸಣ್ಣದೇ ಆಗಿತ್ತು ಅಂತ ನಾನು ನಂಬುವುದಿಲ್ಲ.

ಜನ ಇದರಲ್ಲಿ ಏನೋ ಒಂದು ಲೆಕ್ಕ ಹುಡುಕುತ್ತಾರೆ, ಅದು ಸಹಜ. ಕ್ಯಾನ್ಸಸ್‌ನ ಬಡಗಣದ ರೂಕ್ಸ್ ಕೌಂಟಿಯಲ್ಲಿ ಕೊಡೆಲ್ ಅನ್ನುವ ಹಳ್ಳಿಗೆ 1916, 1917, 1918, ಮೂರು ವರ್ಷವೂ ಮೇ 20ರಂದೇ ಸುಂಟರಗಾಳಿ ಬಂತು. ನಾಲ್ಕನೇ ವರ್ಷ ಆ ತಾರೀಕಿಗೆ ಏನೂ ಬರಲಿಲ್ಲ. ಆವತ್ತು ಹೊಲದ ಕೆಲಸ ಎಷ್ಟು ನಡೆಯಿತೋ ನೀವೇ ಊಹಿಸಿ.

ಗ್ರೀನ್ಸ್‌ಬರ್ಗ್ ಮತ್ತೆ ಎದ್ದಿತು. ಅದೂ ಹಟ ಹಿಡಿದು. ಆ ಡಿಸೆಂಬರ್‌ನಲ್ಲೇ ನಗರಸಭೆ, ದೊಡ್ಡ ಸರ್ಕಾರಿ ಕಟ್ಟಡಗಳನ್ನೆಲ್ಲ ವಿದ್ಯುತ್ತು, ನೀರು ಉಳಿಸುವ ಅತ್ಯುನ್ನತ ಹಸಿರು ದರ್ಜೆಗೆ ಕಟ್ಟಬೇಕು ಅಂತ ನಿರ್ಣಯ ಮಾಡಿತು. ಅಮೆರಿಕದಲ್ಲಿ ಇಂಥ ನಿರ್ಣಯ ಮಾಡಿದ ಮೊದಲ ಊರು ಇದು. ಊರ ಹೊರಗೆ ಹತ್ತು ಗಾಳಿಯಂತ್ರ ನಿಂತವು. ಊರನ್ನು ಕೆಡವಿದ ಗಾಳಿಯಿಂದಲೇ ಕರೆಂಟು ಅಂತ ಪತ್ರಿಕೆಗಳು ಖುಷಿಯಾಗಿ ಬರೆದವು. ಬರೆಯಲಿ, ಒಳ್ಳೆಯದೇ. ನನಗೆ ಮಾತ್ರ ಆ ಹಸಿರಿನ ಗದ್ದಲದಲ್ಲಿ ನೆಲಮಾಳಿಗೆಯ ಸಂಗತಿ ಮೂಲೆಗೆ ಸರಿಯಿತು ಅನ್ನಿಸುತ್ತದೆ.

ಇಷ್ಟಾದರೂ ಜನ ಎಲ್ಲ ವಾಪಸ್ ಬರಲಿಲ್ಲ. 2010ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 777. ಹಾಗಂತ ಪೂರ್ತಿ ತಪ್ಪನ್ನು ಗಾಳಿಯ ಮೇಲೆ ಹೊರಿಸುವ ಹಾಗಿಲ್ಲ. 1960ರ ಸುಮಾರಿಗೆ ಎರಡು ಸಾವಿರದ ಹತ್ತಿರ ಇದ್ದವರು 2000ಕ್ಕೆ 1574 ಆಗಿದ್ದರು. ಯಂತ್ರ ಬಂದು ಹೊಲಕ್ಕೆ ಆಳು ಬೇಡವಾದರು, ಓದಿದ ಹುಡುಗರು ಪಟ್ಟಣ ಸೇರಿದರು. ನಮ್ಮ ಹಳ್ಳಿಗಳಿಗೂ ಗೊತ್ತಿರುವ ಕಥೆಯೇ. ಇಪ್ಪತ್ತು ಮೂವತ್ತು ವರ್ಷದಲ್ಲಿ ಆಗಬೇಕಿದ್ದನ್ನು ಗಾಳಿ ಒಂದು ರಾತ್ರಿಯಲ್ಲಿ ಮಾಡಿ ಮುಗಿಸಿತು. 2020ರ ಗಣತಿಯಲ್ಲಿ 740 ಜನ ಇದ್ದರು. ಅವರಿಗೆ ಹೊಸ ಶಾಲೆ ಇದೆ, ಹೊಸ ಆಸ್ಪತ್ರೆ ಇದೆ. ಮೇ ತಿಂಗಳು ಬಂತೆಂದರೆ ಈಗಲೂ ಪಡುವಣದ ಕಡೆ ಒಂದು ಕಣ್ಣು ಇಟ್ಟೇ ಇರುತ್ತಾರೆ.

ಇಲ್ಲಿಗೆ ನನ್ನ ಮಾತು ಮುಗಿಸುತ್ತೇನೆ. ನಮಸ್ಕಾರ.