ಒಂದು ಟ್ಯಾಂಕ್ ನೀರು, ಹತ್ತು ನಿಮಿಷ

ನಮಸ್ಕಾರ ಎಲ್ಲರಿಗೂ.

"ಫೈರ್ ಎಂಜಿನ್ ಏನೋ ಬಂತು, ಆದ್ರೆ ಅದ್ರಲ್ಲಿ ನೀರೇ ಇರ್ಲಿಲ್ಲ." ನಮ್ಮ ಕಡೆ ಯಾವ ಊರಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಹುಲ್ಲಿನ ಮೆದೆ ಸುಟ್ಟುಹೋದವರು ಹೇಳುತ್ತಾರೆ. ಕಬ್ಬು ಕಳೆದುಕೊಂಡವರು ಹೇಳುತ್ತಾರೆ. ಮಂಡ್ಯ ಜಿಲ್ಲೆಯ ಒಂದು ಅಗ್ನಿಶಾಮಕ ಠಾಣೆಗೆ ಹೋದಾಗ ನಾನು ಮೊದಲು ಕೇಳಿದ್ದೂ ಇದನ್ನೇ. ಠಾಣಾಧಿಕಾರಿಯವರ ಒಪ್ಪಿಗೆ ಪಡೆದೇ ಕ್ಯಾಮೆರಾ ಒಳಗೆ ತಂದಿದ್ದೇವೆ. ಸಿಬ್ಬಂದಿ ಒಂದೇ ಷರತ್ತು ಹಾಕಿದರು: ಹೆಸರು ಬೇಡ, ಮುಖ ಬೇಡ, ಕೆಲಸ ತೋರಿಸಿ ಸಾಕು. ಹಾಗಾಗಿ ಈ ವಿಡಿಯೋದಲ್ಲಿ ಕೈ, ಗಾಡಿ, ಪೈಪುಗಳೇ ಜಾಸ್ತಿ ಕಾಣುತ್ತವೆ.

ನನ್ನ ಪ್ರಶ್ನೆಗೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. "ಮೊದ್ಲು ಗಾಡಿ ನೋಡು ಬಾಮ್ಮ, ಆಮೇಲೆ ನೀನೇ ಹೇಳು" ಅಂದರು ಡ್ರೈವರ್ ಅಣ್ಣ.

ಈಗ ಕಾಣುತ್ತಿರುವುದು ವಾಟರ್ ಟೆಂಡರ್. ಟ್ಯಾಂಕಿನಲ್ಲಿ 4500 ಲೀಟರ್ ನೀರು ಹಿಡಿಯುತ್ತದೆ. ತುಂಬಾ ಅನ್ನಿಸುತ್ತದೆ, ಅಲ್ವಾ? ಪೈಪಿನ ತುದಿಯಲ್ಲಿ ಕೈಯಲ್ಲಿ ಹಿಡಿಯುವ ಈ ಲೋಹದ ಕೊಳವೆಗೆ ಇವರು ಬ್ರಾಂಚ್ ಎನ್ನುತ್ತಾರೆ. ಪಂಪಿನಿಂದ ಒಳ್ಳೆಯ ಒತ್ತಡ ಸಿಕ್ಕರೆ ಒಂದು ಬ್ರಾಂಚಿನಿಂದ ನಿಮಿಷಕ್ಕೆ 400ರಿಂದ 450 ಲೀಟರ್ ಹೊರಗೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಹತ್ತು ನಿಮಿಷಕ್ಕೆ ಟ್ಯಾಂಕ್ ಖಾಲಿ. ಎರಡು ಬ್ರಾಂಚ್ ಹಿಡಿದರೆ ಐದೇ ನಿಮಿಷ.

ಗಾಡಿ ಠಾಣೆಯಿಂದ ಹೊರಡುವಾಗ ಟ್ಯಾಂಕ್ ತುಂಬಿಯೇ ಇರುತ್ತದೆ. ಪ್ರತಿ ಸಲ ವಾಪಸ್ ಬಂದ ಕೂಡಲೇ ಮೊದಲ ಕೆಲಸ ನೀರು ತುಂಬಿಸುವುದು, ಊಟ ತಿಂಡಿ ಎಲ್ಲ ಆಮೇಲೆ. ಆದರೆ ಹನ್ನೊಂದನೇ ನಿಮಿಷಕ್ಕೆ ಅಲ್ಲಿಗೆ ಓಡಿ ಬಂದವರ ಕಣ್ಣಿಗೆ ಬೀಳುವುದು ನೀರಿಲ್ಲದ ಗಾಡಿ. ಊರಿಗೆಲ್ಲ ಹರಡುವುದೂ ಅದೇ ಸುದ್ದಿ. ಇದನ್ನು ಕೇಳಿದ ಮೇಲೆ ಅವತ್ತಿನ ನಮ್ಮ ಮಾತೆಲ್ಲ ನೀರಿನ ಸುತ್ತಲೇ ತಿರುಗಿತು.

ಈ ಹೋಸ್ ಪೈಪ್ ನೋಡಿ. 63 ಮಿಲಿಮೀಟರ್ ಅಗಲ, 15 ಮೀಟರ್ ಉದ್ದ. ಸುತ್ತಿಟ್ಟಾಗ ಒಬ್ಬರೇ ಹೆಗಲ ಮೇಲೆ ಹಾಕಿಕೊಂಡು ಓಡಬಹುದು. ನೀರು ತುಂಬಿತು ಅಂದರೆ ಆ 15 ಮೀಟರಿನಲ್ಲೇ 45 ಕಿಲೋಗಿಂತ ಹೆಚ್ಚು ನೀರು ಇರುತ್ತದೆ. ಅಂಥ ನಾಲ್ಕೈದು ಪೈಪ್ ಜೋಡಿಸಿಕೊಂಡು ಗದ್ದೆ ಬದುವಿನ ಮೇಲೆ ಎಳೆಯಬೇಕು. ಅದಕ್ಕೇ ಇವರು ಮೊದಲು ಖಾಲಿ ಪೈಪ್ ಹಾಸಿ, ಬ್ರಾಂಚ್ ಹಿಡಿದವರು ಜಾಗದಲ್ಲಿ ನಿಂತ ಮೇಲೆ ನೀರು ಬಿಡಿಸುತ್ತಾರೆ. ಜನ ಮಾತ್ರ ಗಾಡಿ ನಿಂತ ಕ್ಷಣದಿಂದ "ನೀರ್ ಬಿಡ್ರೀ, ನೀರ್ ಬಿಡ್ರೀ" ಅಂತ ಕೂಗುತ್ತಿರುತ್ತಾರೆ.

ನೀರು ಉಳಿಸುವುದಕ್ಕೆ ಇವರ ಹತ್ತಿರ ಇನ್ನೊಂದು ದಾರಿ ಇದೆ. ಗಾಡಿಯಲ್ಲಿ ರಾಟೆಗೆ ಸುತ್ತಿರುವ ಈ ತೆಳು ರಬ್ಬರ್ ಪೈಪ್, ಹೋಸ್ ರೀಲ್. ಇದರಿಂದ ನೀರನ್ನು ಹನಿಹನಿಯಾಗಿ ಒಡೆದು ಬಿಡುತ್ತಾರೆ. ಸಣ್ಣ ಹನಿ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಬೆಂಕಿಯ ಕಾವನ್ನು ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗುತ್ತದೆ. ಮನೆಯ ಒಂದು ಕೋಣೆಗೆ ಬೆಂಕಿ ಬಿದ್ದಿದ್ದರೆ ಎಷ್ಟೋ ಸಲ ಇದೇ ಸಾಕಾಗುತ್ತದೆ. ಆದರೆ ಕಿಟಕಿ ಬಾಗಿಲು ಮುಚ್ಚಿರುವ ಕೋಣೆಯೊಳಗೆ ಹೀಗೆ ನೀರು ಹೊಡೆದರೆ ಅದೇ ಆವಿ ತಿರುಗಿ ಒಳಗೆ ಹೋದವರನ್ನೇ ಸುಡುತ್ತದೆ. ಹೊಗೆ ಹೊರಗೆ ಹೋಗಲು ದಾರಿ ಮಾಡಿಕೊಂಡೇ ಮುಂದೆ ಹೋಗಬೇಕು.

ಇನ್ನು ಮೆದೆ. ಬೇಸಿಗೆಯಲ್ಲಿ ಈ ಠಾಣೆಗೆ ಬರುವ ಕಾಲ್‌ಗಳಲ್ಲಿ ಹುಲ್ಲಿನ ಮೆದೆಯದ್ದು ತುಂಬಾ ಇರುತ್ತದೆ. ನನಗೆ ಇದು ಸುಲಭದ ಕೆಲಸ ಅನ್ನಿಸಿತ್ತು. ಬಯಲಲ್ಲಿದೆ, ಕಣ್ಣಿಗೆ ಕಾಣುತ್ತದೆ, ನೀರು ಹೊಡೆದರೆ ಆಯಿತು. ಹಿರಿಯ ಸಿಬ್ಬಂದಿಯೊಬ್ಬರು ತಲೆ ಅಲ್ಲಾಡಿಸಿದರು. "ಹೊರಗ್ ನೋಡಿದ್ರೆ ಆರೋಗಿರ್ತದೆ, ಒಳ್ಗೆ ಕೆಂಡ ಹಂಗೇ ಇರ್ತದೆ ಕಣಮ್ಮ."

ಯಾಕೆ ಹಾಗೆ? ನಮ್ಮ ರೈತರು ಮೆದೆ ಒಟ್ಟುವುದೇ ಮಳೆ ನೀರು ಒಳಗೆ ಇಳಿಯಬಾರದು ಎಂದು. ಹುಲ್ಲನ್ನು ಹೊರಕ್ಕೆ ಇಳಿಜಾರಾಗಿ ಒಟ್ಟುತ್ತಾರೆ. ಇಡೀ ಮಳೆಗಾಲ ಕಳೆದರೂ ಒಳಗಿನ ಹುಲ್ಲು ಒಣಗಿಯೇ ಇರುತ್ತದೆ. ಎಷ್ಟು ಚೆನ್ನಾಗಿ ಒಟ್ಟಿದ್ದಾರೋ, ಪೈಪಿನ ನೀರೂ ಅಷ್ಟೇ ಚೆನ್ನಾಗಿ ಹೊರಗೆ ಜಾರಿ ಹೋಗುತ್ತದೆ. ಹಾಗಾಗಿ ಜೆಸಿಬಿ ತರಿಸಿ, ಇಲ್ಲದಿದ್ದರೆ ಕೊಕ್ಕೆ, ಕವೆಗೋಲು ಹಿಡಿದು ಮೆದೆಯನ್ನು ಬಿಚ್ಚಬೇಕು. ಪದರ ಪದರವಾಗಿ ಎಳೆದು, ಹರಡಿ, ನೆನೆಸಬೇಕು. ಬಿಚ್ಚಿದಾಗ ಗಾಳಿ ಸಿಕ್ಕಿ ಮತ್ತೆ ಭಗ್ಗನೆ ಹತ್ತುತ್ತದೆ. ಅರ್ಧ ರಾತ್ರಿ ಕಳೆದುಹೋಗುತ್ತದೆ.

ಇದಕ್ಕಿಂತ ಕಷ್ಟದ್ದು ಇನ್ನೊಂದು. ಸಾಲಾಗಿ ನಾಲ್ಕು ಮೆದೆ ಇದ್ದು ಒಂದಕ್ಕೆ ಬೆಂಕಿ ಹತ್ತಿದ್ದರೆ ಇವರು ಮೊದಲು ನೀರು ಹೊಡೆಯುವುದು ಪಕ್ಕದ ಮೆದೆಗೆ. ಇರುವುದು ಹತ್ತು ನಿಮಿಷದ ನೀರು. ಹತ್ತಿಕೊಂಡಿದ್ದು ಉಳಿಯುವುದಿಲ್ಲ, ಹತ್ತದೇ ಇರುವುದನ್ನು ಉಳಿಸಬಹುದು. ಆದರೆ ಮೆದೆ ಉರಿಯುತ್ತಿರುವ ಮನೆಯವರ ಎದುರು ನಿಂತು ಇದನ್ನು ಮಾಡುವುದು ಹೇಗೆ? ವರ್ಷಪೂರ್ತಿ ಹಸುಗಳಿಗೆ ಬೇಕಾದ ಮೇವು ಅದು. ಬೈಗುಳ ಬರುತ್ತದೆ. ಕೆಲವು ಕಡೆ ಕಲ್ಲೂ ಬರುತ್ತದೆ. ಆ ಹಿರಿಯರು ಇದನ್ನು ಹೇಳುವಾಗ ದೂರುವ ದನಿ ಇರಲಿಲ್ಲ. "ಅವ್ರ್ ಹೊಟ್ಟೆ ಉರಿ ಕಣಮ್ಮ, ಮಾತಾಡ್ತಾರೆ" ಅಂದರು ಅಷ್ಟೇ.

ಒಳಗೇ ಬೇಯುವ ಬೆಂಕಿಯ ಮಾತು ಬಂದಾಗ ಠಾಣಾಧಿಕಾರಿಯವರು ಮುಂಬೈ ಬಂದರಿನ ವಿಷಯ ತೆಗೆದರು. 1944ರ ಏಪ್ರಿಲ್ 14. ಫೋರ್ಟ್ ಸ್ಟೈಕಿನ್ ಎಂಬ ಹಡಗಿನಲ್ಲಿ ಹತ್ತಿಯ ಬೇಲ್‌ಗಳಿದ್ದವು. ಅದೇ ಹಡಗಿನಲ್ಲಿ ಸುಮಾರು 1400 ಟನ್ ಸ್ಫೋಟಕಗಳೂ ಇದ್ದವು. ಮಧ್ಯಾಹ್ನ ಹತ್ತಿಗೆ ಬೆಂಕಿ ಬಿದ್ದಿದ್ದು ಗೊತ್ತಾಯಿತು. ಬೆಂಕಿಯ ಮೂಲ ಎಲ್ಲಿದೆ ಎಂದು ಹೊಗೆಯಲ್ಲಿ ಕಾಣಲಿಲ್ಲ. 900 ಟನ್‌ಗಿಂತ ಹೆಚ್ಚು ನೀರು ಸುರಿದರು. ಅಂದರೆ ಇಲ್ಲಿ ನಿಂತಿರುವಂಥ 200 ಗಾಡಿಗಳ ನೀರು. ಆದರೂ ಬೆಂಕಿ ಆರಲಿಲ್ಲ. ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು. ಅವತ್ತು 66 ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ದೇಶದಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುವುದು ಅವರ ನೆನಪಿಗೆ. ಹಡಗಿನಲ್ಲಿ ಏನಿದೆ ಎಂದು ಗೊತ್ತಿದ್ದೂ ಕೊನೆಯವರೆಗೆ ಪೈಪ್ ಹಿಡಿದು ನಿಂತವರಿದ್ದರು. ನನಗೆ ಅದನ್ನು ಕೇಳಿ ಸ್ವಲ್ಪ ಹೊತ್ತು ಮುಂದಿನ ಪ್ರಶ್ನೆ ಕೇಳಲು ಆಗಲಿಲ್ಲ.

ಸರಿ, ನಮ್ಮ ಟ್ಯಾಂಕ್ ಖಾಲಿಯಾಯಿತು. ಮುಂದೇನು? ಮಂಡ್ಯದವರಿಗೆ ನಾಲೆಗಳಿವೆ. ಗಾಡಿಯನ್ನು ನಾಲೆ ಏರಿಯ ಮೇಲೆ ನಿಲ್ಲಿಸಿ, ಈ ದಪ್ಪ ಸಕ್ಷನ್ ಹೋಸ್ ಇಳಿಸುತ್ತಾರೆ. ತುದಿಯಲ್ಲಿ ಕಸಕಡ್ಡಿ ತಡೆಯುವ ಜಾಲರಿ ಇದೆ. ಗಾಡಿಯ ಪಂಪ್ ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಐದು ನಿಮಿಷದೊಳಗೆ ಟ್ಯಾಂಕ್ ತುಂಬುತ್ತದೆ.

ಹಾಗಾದರೆ ಊರ ಬಾವಿಯಿಂದ ಯಾಕೆ ಎಳೆಯುವುದಿಲ್ಲ ಎಂದು ಎಲ್ಲರೂ ಕೇಳುತ್ತಾರಂತೆ. ನೀರು ಏಳೆಂಟು ಮೀಟರಿಗಿಂತ ಕೆಳಗಿದ್ದರೆ ಗಾಡಿ ಮೇಲೆ ನಿಂತು ಎಳೆಯಲು ಬರುವುದಿಲ್ಲ. ಎಂಜಿನ್ ಎಷ್ಟೇ ದೊಡ್ಡದಿರಲಿ. ಗಾಳಿಯ ಒತ್ತಡಕ್ಕೆ ಅದಕ್ಕಿಂತ ಮೇಲೆ ನೀರು ತಳ್ಳುವ ಶಕ್ತಿ ಇಲ್ಲ. ಇನ್ನು ಬೋರ್‌ವೆಲ್. ತ್ರೀ ಫೇಸ್ ಕರೆಂಟ್ ಇದ್ದ ಹೊತ್ತಿನಲ್ಲಿ ಮಾತ್ರ ಓಡುತ್ತದೆ. ನಿಮಿಷಕ್ಕೆ 150 ಲೀಟರ್ ಎತ್ತುವ ಬೋರ್ ಆದರೆ ಈ ಟ್ಯಾಂಕ್ ತುಂಬಲು ಅರ್ಧ ಗಂಟೆ ಬೇಕು. ಬೆಂಕಿ ಅರ್ಧ ಗಂಟೆ ಕಾಯುವುದಿಲ್ಲ.

ಕಬ್ಬಿನ ಗದ್ದೆಯ ಬೆಂಕಿಯಲ್ಲೂ ಕರೆಂಟಿನದ್ದೇ ಮೊದಲ ಮಾತು. ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿಸುತ್ತವೆ. ಒಣ ಗರಿಗೆ ಅಷ್ಟೇ ಸಾಕು. ಲೈನ್ ಆಫ್ ಆಗಿದೆ ಎಂದು ಖಾತ್ರಿಯಾಗುವವರೆಗೆ ಇವರು ತಂತಿಯ ಕಡೆ ನೀರು ಬಿಡುವುದಿಲ್ಲ. ನೀರಿನ ಮೂಲಕ ಕರೆಂಟ್ ಬ್ರಾಂಚ್ ಹಿಡಿದವರ ಕೈಗೇ ಬರಬಹುದು.

ನೀರಿನಂತೆಯೇ ಇವರು ಎಣಿಸಿಕೊಂಡು ಬಳಸುವುದು ಇನ್ನೊಂದಿದೆ, ಗಾಳಿ. ಇದು ಬಿ.ಎ. ಸೆಟ್, ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಿಲಿಂಡರ್. ಇದರಲ್ಲಿರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಮಾಮೂಲಿ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಆರು ಲೀಟರ್ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 1800 ಲೀಟರ್ ಗಾಳಿ. ಲೆಕ್ಕದ ಪ್ರಕಾರ 45 ನಿಮಿಷ ಬರಬೇಕು. ಕತ್ತಲಲ್ಲಿ, ಕಾವಿನಲ್ಲಿ, ಮನುಷ್ಯರನ್ನು ಹೊತ್ತುಕೊಂಡು ಮೆಟ್ಟಿಲು ಇಳಿಯುವಾಗ ಉಸಿರು ಎರಡು ಪಟ್ಟು ಓಡುತ್ತದೆ. 45 ನಿಮಿಷ ಎಲ್ಲಿಂದ ಬರಬೇಕು? ಒತ್ತಡ 50–55 ಬಾರ್‌ಗೆ ಇಳಿದಾಗ ಒಂದು ಸೀಟಿ ತಾನಾಗಿ ಊದಲು ಶುರುವಾಗುತ್ತದೆ. "ಸೀಟಿ ಕೇಳ್ದಾಗ ನಾವ್ ಹೊರಗಿರ್ಬೇಕು. ಸೀಟಿ ಕೇಳಿ ಹೊರಡೋದಲ್ಲ" ಎಂದು ಯುವ ಸಿಬ್ಬಂದಿಯೊಬ್ಬರು ವಿವರಿಸಿದರು. ಒಳಗೆ ಹೋಗುವಾಗಲೇ ವಾಪಸ್ ಬರುವಷ್ಟು ಗಾಳಿ ಎತ್ತಿಟ್ಟುಕೊಂಡಿರಬೇಕು.

ಬೆಂಕಿಗಿಂತ ಹೊಗೆಯೇ ಜಾಸ್ತಿ ಜನರನ್ನು ಕೊಲ್ಲುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜನ ತೀರಿಕೊಂಡರು. ಹೊಗೆ ತಡೆಯಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. ಇಂಥ ಕಟ್ಟಡಗಳಿಗೆಂದೇ ಬೆಂಗಳೂರಿಗೆ 2023ರಲ್ಲಿ 90 ಮೀಟರ್ ಎತ್ತರಕ್ಕೆ ಏರುವ ಏಣಿ ಗಾಡಿ ಬಂದಿದೆ. ತಾಲ್ಲೂಕು ಠಾಣೆಗಳಲ್ಲಿರುವುದು ಕೈಯಿಂದ ಎತ್ತಿ ನಿಲ್ಲಿಸುವ ಏಣಿ. ಈಗ ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಐದು ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ಇದರ ಬಗ್ಗೆ ನಾವು ಜೋರಾಗಿ ಕೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಚಹಾ ಹೊತ್ತಿಗೆ 108 ಆಂಬುಲೆನ್ಸಿನ ಅಕ್ಕ ಒಬ್ಬರು ಬಂದು ಕೂತರು. ಇ.ಎಂ.ಟಿ., ಅಂದರೆ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಕೆಲಸ ಅವರದ್ದು. ಕರ್ನಾಟಕದಲ್ಲಿ 108 ಶುರುವಾಗಿದ್ದು 2008ರ ನವೆಂಬರ್‌ನಲ್ಲಿ. ಅವರೂ ಠಾಣೆಯವರೂ ಮಾತಾಡುತ್ತಿದ್ದದ್ದು ಹೆದ್ದಾರಿಯ ಬಗ್ಗೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತಲ್ಲ, ಅದು ಈ ಜಿಲ್ಲೆಯನ್ನು ಸೀಳಿಕೊಂಡೇ ಹೋಗುತ್ತದೆ.

ಜಜ್ಜಿಹೋದ ಕಾರಿನ ಬಾಗಿಲು ಬಿಡಿಸುವುದು ಈ ಎರಡು ಯಂತ್ರ. ಇದು ಸ್ಪ್ರೆಡರ್, ದವಡೆಯಂತೆ ಅಗಲವಾಗುತ್ತದೆ. ಅದು ಕಟರ್. ಎರಡೂ ಓಡುವುದು ಎಣ್ಣೆಯ ಒತ್ತಡದ ಮೇಲೆ, ಸುಮಾರು 700 ಬಾರ್. ಆದರೆ ಕಟರ್ ಹಚ್ಚುವ ಮುಂಚೆ ಅಕ್ಕನಿಗೆ ಎರಡು ನಿಮಿಷ ಬೇಕು. "ಅಣ್ಣ, ಬಾಗ್ಲು ಆಮೇಲೆ ಕುಯ್ಯಿ, ನಾನ್ ಮೊದ್ಲು ಕುತ್ಗೆ ಪಟ್ಟಿ ಹಾಕ್ತೀನಿ ಅಂತ ಕೂಗ್ತೀನಿ" ಎಂದರು. ಕುತ್ತಿಗೆ ಅಲ್ಲಾಡದಂತೆ ಪಟ್ಟಿ ಕಟ್ಟಿ, ಬೆನ್ನಿಗೆ ಹಲಗೆ ಕೊಟ್ಟು, ಆಮೇಲೆ ಹೊರಗೆ ತೆಗೆಯಬೇಕು. ಕಾರಿನ ಬ್ಯಾಟರಿ ತಂತಿ ಬಿಚ್ಚುವುದೂ ಅಷ್ಟೇ ಮುಖ್ಯ. ಇಲ್ಲದಿದ್ದರೆ ಸಿಡಿಯದೆ ಉಳಿದ ಏರ್‌ಬ್ಯಾಗ್ ಒಳಗಿದ್ದವರ ಮುಖಕ್ಕೇ ಸಿಡಿಯಬಹುದು. ಬೆಂಕಿ ಹತ್ತುವ ಭಯ ಇಲ್ಲದಿದ್ದರೆ ಗಾಯಾಳುವಿನ ಕೈಕಾಲು ಹಿಡಿದು ಎಳೆಯಬೇಡಿ ಎಂದು ಅವರು ಎರಡೆರಡು ಸಲ ಹೇಳಿಸಿದರು.

ನಾಲೆಯ ಮಾತು ಮತ್ತೆ ಬಂತು. ಈ ಸಲ ಎಲ್ಲರ ದನಿ ಇಳಿಯಿತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತರು. ನಾಲೆ, ಬಾವಿ, ಕೆರೆಗಳಿಂದ ಶವ ತೆಗೆಯುವುದೂ ಇವರ ಕೆಲಸವೇ. ಅದಕ್ಕೆ ಹಗ್ಗ, ಲೈಫ್ ಜಾಕೆಟ್ ಜೊತೆ ಇವತ್ತಿಗೂ ಪಾತಾಳ ಗರಡಿ ಬೇಕು. ನಮ್ಮ ಅಜ್ಜಿಯರು ಬಾವಿಗೆ ಬಿದ್ದ ಕೊಡ ತೆಗೆಯುತ್ತಿದ್ದ ಅದೇ ಕೊಕ್ಕೆ. ಅದರ ಬಗ್ಗೆ ನಾನು ಜಾಸ್ತಿ ಕೇಳಲಿಲ್ಲ.

ಫೋನ್ ಮಾಡುವವರಿಗೆ ಇವರು ಹೇಳುವುದು ಇಷ್ಟು. 101 ಅಥವಾ 112. ಊರಿನ ಹೆಸರಿನ ಜೊತೆ ತಾಲ್ಲೂಕು ಹೇಳಿ, ಯಾಕೆಂದರೆ ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ. ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರಾ, ಗ್ಯಾಸ್ ಸಿಲಿಂಡರ್ ಇದೆಯಾ ಹೇಳಿ. ಒಬ್ಬರು ಮುಖ್ಯ ರಸ್ತೆಗೆ ಬಂದು ನಿಂತು ದಾರಿ ತೋರಿಸಿ. ಮತ್ತೆ ಹತ್ತಿರದಲ್ಲಿ ಗಾಡಿ ಹೋಗುವಂಥ ನೀರು ಎಲ್ಲಿದೆ ಎಂದು ಹೇಳಿ. ಈ ಕೊನೆಯದನ್ನು ಯಾರೂ ಹೇಳುವುದಿಲ್ಲವಂತೆ.

ಅದಕ್ಕೇ ನಮ್ಮ ಊರಿನಲ್ಲಿ ಒಂದು ಪಟ್ಟಿ ಮಾಡಲು ಹೊರಟಿದ್ದೇವೆ. ನಾಲೆಯ ಯಾವ ಜಾಗದಲ್ಲಿ ಏರಿ ಗಟ್ಟಿ ಇದೆ, ಯಾವ ಕಟ್ಟೆಗೆ ಗಾಡಿ ಇಳಿಯುತ್ತದೆ, ಯಾವ ಬೋರ್ ದಪ್ಪ ನೀರು ಕೊಡುತ್ತದೆ, ಅದರ ಕೀಲಿ ಯಾರ ಹತ್ತಿರ ಇರುತ್ತದೆ. ಬರೆದು ಒಂದು ಪ್ರತಿ ಠಾಣೆಗೆ, ಒಂದು ಪ್ರತಿ ಪಂಚಾಯ್ತಿಗೆ ಕೊಡುತ್ತೇವೆ. ಊರ ಕಟ್ಟೆಗೆ ಇಳಿಯುವ ದಾರಿಯಲ್ಲಿ ಸೈಜುಗಲ್ಲು ಸುರಿದಿದ್ದಾರೆ. ಅದನ್ನು ತೆಗೆಸಿ ಕೊಡುತ್ತೇನೆ ಎಂದು ಪಂಚಾಯ್ತಿ ಸದಸ್ಯರು ಒಪ್ಪಿದ್ದಾರೆ. ದಾರಿ ಬಿಡಿಸಿದ ಮೇಲೆ ಡ್ರೈವರ್ ಅಣ್ಣ ಗಾಡಿ ತಂದು ಒಮ್ಮೆ ಇಳಿಸಿ ನೋಡುತ್ತಾರೆ. ಮುಂದಿನ ವಿಡಿಯೋ ಅದೇ.