ಎಂಟು ಬೋಲ್ಟುಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ. ರಾಯಚೂರು ಸೀಮೆಯ ರೈಸ್ ಮಿಲ್ಲು, ಜಿನ್ನಿಂಗ್ ಮಿಲ್ಲು, ತೌಡಿನ ಎಣ್ಣೆ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವ ಅಣ್ಣತಮ್ಮಂದಿರಿಗಾಗಿ ಈ ಮಾತು. ನಿಮ್ಮ ಎಲ್‌ಇಡಿ ಫ್ಲಡ್‌ಲೈಟಿನ ಬೋಲ್ಟುಗಳನ್ನು ಎಣಿಸಿ. ನಾನು ಹೇಳಬಂದದ್ದು ಇಷ್ಟೇ.

ಒಂದು ಸಾಲ್ವೆಂಟ್ ಕಾರ್ಖಾನೆಗೆ ತಪಾಸಣೆಗೆ ಹೋಗಿದ್ದೆ. ತೌಡಿನಿಂದ ಎಣ್ಣೆ ಬಿಡಿಸಲು ಅಲ್ಲಿ ಹೆಕ್ಸೇನ್ ಎಂಬ, ಪೆಟ್ರೋಲಿನಂತೆ ಬೇಗ ಹೊತ್ತಿಕೊಳ್ಳುವ ದ್ರವ ಬಳಸುತ್ತಾರೆ. ಅದರ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರ; ನೆಲ, ಚರಂಡಿ ಹಿಡಿದು ಹರಿಯುತ್ತದೆ. ಪಂಪಿನ ಪಕ್ಕದಲ್ಲೇ ಸೊಂಟದೆತ್ತರಕ್ಕೆ ಒಂದು ಫ್ಲೇಮ್‌ಪ್ರೂಫ್ ಫ್ಲಡ್‌ಲೈಟ್. ಹೊಸದು, ದುಬಾರಿಯದು. ಮುಚ್ಚಳಕ್ಕೆ ಎಂಟು ತೂತು, ಬೋಲ್ಟು ಮೂರು. "ಉಳಿದ ಐದು ಎಲ್ಲಿ?" ಎಂದೆ. ಎಲೆಕ್ಟ್ರಿಷಿಯನ್ ಹಿರಿಯರು. "ಮೂರಕ್ಕೇ ಗಟ್ಟಿಯಾಗಿ ಕೂತಿದೆ ಸಾಹೇಬರೇ" ಎಂದು ಕೈಯಿಂದ ಅಲ್ಲಾಡಿಸಿಯೂ ತೋರಿಸಿದರು. ಆಮೇಲೆ ಚಹಾ ಕುಡಿಯುತ್ತ ನೋಡುತ್ತೇನೆ, ಅವರ ಸೈಕಲ್ಲಿನ ಕ್ಯಾರಿಯರಿನಲ್ಲಿ ಅದೇ ಹೊಳೆಯುವ ಸ್ಟೀಲ್ ಬೋಲ್ಟು ಎರಡು! ಇನ್ನು ಮೂರನ್ನು ಹುಡುಕುವ ಧೈರ್ಯ ನನಗಾಗಲಿಲ್ಲ.

ಮುಚ್ಚಳ ಬೀಳದಿರಲಿ ಎಂದು ಆ ಎಂಟನ್ನು ಕೊಟ್ಟಿಲ್ಲ ಸ್ವಾಮಿ. ಫ್ಲೇಮ್‌ಪ್ರೂಫ್ ಎಂದರೆ ಒಳಗೆ ಗ್ಯಾಸ್ ಹೋಗುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹೋಗುತ್ತದೆ. ಒಳಗೆ ಕಿಡಿ ಹಾರಿದರೆ ಸ್ಫೋಟವೂ ಆಗುತ್ತದೆ, ಡಬ್ಬಿ ಅದನ್ನು ತಡೆದುಕೊಳ್ಳುತ್ತದೆ. ಬೆಂಕಿ ಹೊರಬರಬೇಕಾದರೆ ಮುಚ್ಚಳದ ಕೂದಲೆಳೆಯಂಥ ಸಂದಿಯಲ್ಲೇ ನುಸುಳಬೇಕು. ಎರಡೂ ಕಡೆ ಲೋಹ, ದಾಟುವಷ್ಟರಲ್ಲಿ ಆರಿಹೋಗುತ್ತದೆ. ಐದು ಬೋಲ್ಟು ಇಲ್ಲವೆಂದರೆ ಸಂದಿ ಬಾಯಿಬಿಡುತ್ತದೆ, ಒಳಗಿನ ಬೆಂಕಿ ಹೊರಗಿನ ಆವಿಗೆ ತಗಲುತ್ತದೆ. ಎಣಿಸಿ ಬಿಚ್ಚಿ, ಎಣಿಸಿ ಹಾಕಿ. ಬಿಚ್ಚುವ ಮುಂಚೆ ಕರೆಂಟು ತೆಗೆಯಿರಿ. ಬಿಚ್ಚಿದ ಬೋಲ್ಟು ಕಿಸೆಗೆ ಬೇಡ, ಬಟ್ಟಲಲ್ಲಿರಲಿ.

"ಎಲ್‌ಇಡಿ ತಣ್ಣಗಿರುತ್ತದಲ್ಲ?" ಎನ್ನುತ್ತಾರೆ. ಬೆಳಕು ತಣ್ಣಗೆ, ಬೆನ್ನು ಬಿಸಿ. ಲೇಬಲ್ಲಿನಲ್ಲಿ ಟಿ6 ಎಂದಿದ್ದರೆ ಮೈಬಿಸಿ 85 ಡಿಗ್ರಿ ಮೀರುವುದಿಲ್ಲ, ಟಿ4 ಎಂದರೆ 135. ಬೇರೆ ಅಂಕಿ ಬರೆಯದಿದ್ದರೆ ಈ ಭರವಸೆ ಸುತ್ತಲಿನ ಗಾಳಿ 40 ಡಿಗ್ರಿಯೊಳಗಿದ್ದಾಗ ಮಾತ್ರ. ನಮ್ಮ ಮೇ ತಿಂಗಳಿಗೆ 40 ಎಲ್ಲಿ ಸಾಕು? ಎಷ್ಟು ಡಿಗ್ರಿ ಗಾಳಿಯವರೆಗೆ ನಡೆಯುತ್ತದೆಂದು ಕೊಳ್ಳುವಾಗಲೇ ಕೇಳಿ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರಿ ಸಂಸ್ಥೆ, ನಾಗಪುರದ ಪೆಸೊ, ಕೊಟ್ಟ ಅನುಮೋದನೆಯ ಕಾಗದವನ್ನೂ ಕೇಳಿ.

ಜಿನ್ನಿಂಗ್ ಮಿಲ್ಲಿನವರು ಕ್ಷಮಿಸಬೇಕು, ಕೊಟ್ಟ ಹೊತ್ತನ್ನೆಲ್ಲ ಸೈಕಲ್ಲಿನ ಬೋಲ್ಟೇ ತಿಂದಿತು. ಹತ್ತಿಯ ಧೂಳಿಗೆ ಬೇಕಾದ ದೀಪವೇ ಬೇರೆ. ಗ್ಯಾಸಿಗೆಂದು ಮಾಡಿದ್ದನ್ನು ಕಣ್ಣುಮುಚ್ಚಿ ಹಾಕಬೇಡಿ. ಸದ್ಯಕ್ಕೆ ದೀಪ ಆರಿಸಿ, ತಣಿದ ಮೇಲೆ ಅದರ ಬೆನ್ನಿಗೆ ಕೂತ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒರೆಸುವಾಗ ಹೇಗೂ ಬೋಲ್ಟು ಕಣ್ಣಿಗೆ ಬೀಳುತ್ತವೆ. ನಮಸ್ಕಾರ.